ಹಳೆ ಎಂಜಿನ್ನಿನ ಹೆಡ್ಡು: ವಾಲ್ವು ಕೊಳ್ಳುವ ಮೊದಲು ಗೈಡು, ಸೀಟು ನೋಡಿ

ನಮ್ಮ ಕೃಷಿಹೊಂಡದ ದಡದಲ್ಲಿ ಅಪ್ಪನ ಕಾಲದ ಐದು ಎಚ್‌ಪಿ ಕಿರ್ಲೋಸ್ಕರ್ ಎವಿ-1 ಡೀಸೆಲ್ ಎಂಜಿನ್ನಿದೆ. ನೆಲಮಂಗಲದ ಈ ಕಡೆ ಕೊಳವೆಬಾವಿಗಳು ಆಳಕ್ಕಿಳಿದ ಮೇಲೆ ಅದು ಮೂಲೆ ಸೇರಿತ್ತು. ಹೊಂಡ ತೋಡಿಸಿದ ಮೇಲೆ ಮತ್ತೆ ಕೆಲಸ ಸಿಕ್ಕಿತು. ಕರೆಂಟು ಕೈಕೊಟ್ಟ ದಿನ ನಮ್ಮ ಬೀನ್ಸು, ಟೊಮೇಟೊ ಉಳಿಸುವುದು ಇದೇ.

ಎರಡು ಬೇಸಗೆಯ ಹಿಂದೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ ಹತ್ತಲಿಲ್ಲ. ಹೆಡ್ಡು ಬಿಚ್ಚಿ, ಅಂಗಡಿಯೊಂದರಲ್ಲಿ ಕಡಿಮೆ ಬೆಲೆಯ ವಾಲ್ವು ತಂದು, ಪೇಸ್ಟ್ ಹಾಕಿ ಉಜ್ಜಿ ಕೂರಿಸಿದೆ. ಒಂದೇ ಬೆಳೆ. ಹೊಗೆ ವಾಲ್ವಿನ ಅಂಚು ಸುಟ್ಟು ಹಲ್ಲು ಮುರಿದಂತಾಯಿತು. ಹೂ ಬಿಟ್ಟಿದ್ದ ಬೀನ್ಸು ನಾಲ್ಕು ದಿನ ನೀರಿಲ್ಲದೆ ಒಣಗಿತು. ಹೆಡ್ಡು ಹೊತ್ತು ಪೀಣ್ಯದ ಸಣ್ಣ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಮೇಸ್ತ್ರಿ ವಾಲ್ವನ್ನು ಗೈಡಿನಲ್ಲಿಟ್ಟು ಅಲ್ಲಾಡಿಸಿ, "ಅಣ್ಣಾ, ಗೈಡೇ ಹೋಗೈತೆ. ಹೊಸ ವಾಲ್ವು ಹಾಕಿ ಏನು ಬಂತು?" ಅಂದರು. ಅಂದು ಕಲಿತದ್ದು, ಆಮೇಲೆ ಮಾಡಿ ನೋಡಿದ್ದು ಇಲ್ಲಿದೆ.

ಬಿಚ್ಚುವ ಮೊದಲು

ಡಿಕಂಪ್ರೆಶನ್ ಲಿವರ್ ಎತ್ತದೆ ಹ್ಯಾಂಡಲ್ಲನ್ನು ನಿಧಾನ ತಿರುಗಿಸಿ. ಸೈಲೆನ್ಸರಿನಲ್ಲಿ 'ಸುಸ್' ಅಂದರೆ ಹೊಗೆ ವಾಲ್ವು ಸೋರುತ್ತಿದೆ. ಏರ್ ಫಿಲ್ಟರಿನಲ್ಲಿ ಅಂದರೆ ಗಾಳಿ ವಾಲ್ವು. ಎರಡೂ ಕಡೆ ಸದ್ದಿಲ್ಲದೆ ಒತ್ತಡ ನಿಲ್ಲದಿದ್ದರೆ ರಿಂಗು, ಗ್ಯಾಸ್ಕೆಟ್ ಕಡೆ ನೋಡಬೇಕು. ವಾಲ್ವಿನ ತಪ್ಪಲ್ಲ.

ಮೊದಲು ಗೈಡು, ಆಮೇಲೆ ಸೀಟು

1,500 ಸುತ್ತಿನ ಎಂಜಿನ್ನಿನಲ್ಲಿ ಒಂದೊಂದು ವಾಲ್ವೂ ನಿಮಿಷಕ್ಕೆ 750 ಸಲ ಸೀಟಿನ ಮೇಲೆ ಬಡಿಯುತ್ತದೆ. ಗಂಟೆಗೆ 45,000 ಸಲ. ಗೈಡು ಸಡಿಲವಿದ್ದರೆ ಪ್ರತಿ ಸಲವೂ ಓರೆಯಾಗಿ ಕೂರುತ್ತದೆ. ಸೀಟು ಕೊರೆಯುವ ಕಟ್ಟರಿನ ನಡುಕಡ್ಡಿ ನಿಲ್ಲುವುದೂ ಗೈಡಿನೊಳಗೇ. ಹಾಗಾಗಿ ಸವೆದ ಗೈಡಿನಲ್ಲಿ ಸೀಟು ಕೊರೆಸಿದರೆ ಅದೂ ಓರೆಯೇ. ಗೈಡು, ಸೀಟು, ವಾಲ್ವು: ಈ ಕ್ರಮ ತಪ್ಪಬಾರದು.

ಕೊರೆಯುವ ಮೊದಲು ಹೆಡ್ಡು ತೊಳೆದು, ಎರಡು ವಾಲ್ವುಗಳ ನಡುವೆ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಮುಂದಿನ ಖರ್ಚು ದಂಡ.

ಸೀಟು ಕೊರೆಸಬೇಕೇ, ರಿಂಗು ಹಾಕಿಸಬೇಕೇ?

ಸಣ್ಣ ಗುಳಿಗಳಿದ್ದರೆ ಕೊರೆಸಿದರೆ ಸಾಕು. ಆದರೆ ಪ್ರತಿ ಸಲ ಕೊರೆದಾಗಲೂ ವಾಲ್ವು ಹೆಡ್ಡಿನೊಳಗೆ ಇಳಿಯುತ್ತದೆ. ಎವಿ-1ರ ಬೋರು 80 ಮಿ.ಮೀ., ಸ್ಟ್ರೋಕು 110 ಮಿ.ಮೀ., ಕಂಪ್ರೆಶನ್ 16.5ಕ್ಕೆ 1. ಅಂದರೆ ಪಿಸ್ಟನ್ ಮೇಲೆ ಬಂದಾಗ ಗಾಳಿಗೆ ಉಳಿಯುವ ಜಾಗ ಸುಮಾರು 36 ಸಿ.ಸಿ. ವಾಲ್ವಿನ ತಲೆ 35 ಮಿ.ಮೀ. ಅಂದುಕೊಳ್ಳಿ. ಎರಡೂ ಒಂದೊಂದು ಮಿ.ಮೀ. ಇಳಿದರೆ ಸುಮಾರು 2 ಸಿ.ಸಿ. ಜಾಗ ಹೆಚ್ಚಿ, ಕಂಪ್ರೆಶನ್ 15.7ರ ಹತ್ತಿರಕ್ಕೆ ಬರುತ್ತದೆ. ಡೀಸೆಲ್ ಹತ್ತುವುದೇ ಒತ್ತಿದ ಗಾಳಿಯ ಬಿಸಿಗೆ. ಚಳಿಯ ಬೆಳಗ್ಗೆ ಹ್ಯಾಂಡಲ್ ಹಿಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಎಷ್ಟು ಇಳಿಯಬಹುದು ಎಂಬುದು ಕಂಪೆನಿಯ ಪುಸ್ತಕದಲ್ಲಿರುತ್ತದೆ. ಅದು ಮೀರಿದ್ದರೆ ರಿಂಗೇ ಸರಿ.

ರಿಂಗು ಬಿಗಿಯಾಗಿ ಕೂರಬೇಕು. ಬೀಡು ಕಬ್ಬಿಣದ ಹೆಡ್ಡಿಗೆ, ಒಂದೂವರೆ ಇಂಚಿನ ಆಸುಪಾಸಿನ ರಿಂಗಾದರೆ, ಕುಳಿಗಿಂತ ರಿಂಗು ಮೂರು ನಾಲ್ಕು ಥೌ ದೊಡ್ಡದಿರಬೇಕು. ಹೆಡ್ಡು ಬಿಸಿ ಮಾಡಿ, ರಿಂಗು ತಣ್ಣಗೆ ಮಾಡಿ ಇಳಿಸುತ್ತಾರೆ. ಸಡಿಲ ರಿಂಗಿಗೆ ಚುಕ್ಕೆ ಹೊಡೆದು ನಿಲ್ಲಿಸುತ್ತೇವೆ ಅಂದರೆ ಹೆಡ್ಡು ವಾಪಸು ತನ್ನಿ. ರಿಂಗು ಕಳಚಿ ಬಿದ್ದರೆ ಪಿಸ್ಟನ್ನೂ ಹೋಗುತ್ತದೆ.

ಹೊಗೆ ವಾಲ್ವಿಗೆ ಮ್ಯಾಗ್ನೆಟ್

ಗಾಳಿ ವಾಲ್ವಿಗೆ ಹೊರಗಿನ ತಣ್ಣನೆ ಗಾಳಿ ಸಿಗುತ್ತದೆ. ಹೊಗೆ ವಾಲ್ವು ಬೆಂಕಿಯಲ್ಲೇ ಇರುತ್ತದೆ. ಅದರ ಬಿಸಿಯ ಬಹುಪಾಲು ಇಳಿಯುವುದು ಸೀಟಿನ ಮೂಲಕ. ಆದ್ದರಿಂದ ಅದಕ್ಕೆ ಕ್ರೋಮಿಯಂ, ಮ್ಯಾಂಗನೀಸ್, ನಿಕ್ಕಲ್ ಬೆರೆತ ಬೇರೆ ಉಕ್ಕು ಬಳಸುತ್ತಾರೆ. ಇದರ ತಲೆಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಕಾಂಡಕ್ಕೆ ಬೇರೆ ಉಕ್ಕು ಬೆಸೆದಿದ್ದರೆ ಅಲ್ಲಿ ಅಂಟಬಹುದು. ಕೆಲವು ನಿಧಾನ ಓಡುವ ಹಳೆ ಎಂಜಿನ್ನುಗಳಿಗೆ ಅಂಟುವ ಉಕ್ಕನ್ನೇ ಹಾಕಿದ್ದುಂಟು. ಆದ್ದರಿಂದ ಹಳೆ ಅಸಲಿ ವಾಲ್ವಿಗೂ ಮ್ಯಾಗ್ನೆಟ್ ಹಿಡಿದು ಹೋಲಿಸಿ. ನನ್ನ ಹಳೆಯದಕ್ಕೆ ಅಂಟಲಿಲ್ಲ. ಸುಟ್ಟ ಹೊಸದಕ್ಕೆ ಗಟ್ಟಿಯಾಗಿ ಅಂಟಿತು! ಕೆಟ್ಟ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ ಸಾಕು, ಅಂಗಡಿಗೆ ಹೋಗುವಾಗ ಜೇಬಿನಲ್ಲಿರಲಿ.

ಜೊತೆಗೆ ಹಳೆ ವಾಲ್ವೂ ಇರಲಿ. ಉದ್ದ, ತಲೆ, ಕಾಂಡದ ದಪ್ಪ, ಕಾಟರ್ ಕಚ್ಚು, ಮುಖದ ಕೋನ ಅಳೆದು ತಾಳೆ ನೋಡಿ. ಹಳೆಯದನ್ನೇ ಗ್ರೈಂಡ್ ಮಾಡಿಸುವುದಾದರೆ ತಲೆಯ ಅಂಚು ಒಂದು ಮಿ.ಮೀ.ನಷ್ಟಾದರೂ ದಪ್ಪ ಉಳಿಯಬೇಕು. ತೆಳು ಅಂಚು ಬೇಗ ಸುಡುತ್ತದೆ.

ಕೂರಿಸಿದ ಮೇಲೆ

ವಾಲ್ವಿನ ಮುಖಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಸೀಟಿನ ಮೇಲಿಟ್ಟು ಸ್ವಲ್ಪ ತಿರುಗಿಸಿ. ಎಲ್ಲ ಗೆರೆಯೂ ಅಳಿಸಿದರೆ ಸುತ್ತಲೂ ಕೂತಿದೆ. ಪೇಸ್ಟನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆಯಿರಿ, ಉಳಿದರೆ ಬೋರನ್ನು ತಿನ್ನುತ್ತದೆ. ಸ್ಪ್ರಿಂಗ್ ಹಾಕಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ಹೊಯ್ದು ಹತ್ತು ನಿಮಿಷ ಕಾಯಿರಿ. ಜಿನುಗಬಾರದು. ಟ್ಯಾಪೆಟ್ ಸಂದನ್ನು ಪುಸ್ತಕದಲ್ಲಿರುವಂತೆ ಇಟ್ಟು, ಕೆಲವು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಸಂದಿಲ್ಲದ ವಾಲ್ವು ಮುಚ್ಚುವುದಿಲ್ಲ, ಸುಡುತ್ತದೆ.

ಪೆಟ್ರೋಲ್-ಸೀಮೆಎಣ್ಣೆ ಪಂಪ್ ಇರುವವರಿಗೆ ಒಂದು ಮಾತು. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಸೀಟಿನ ಮೇಲೆ ಪದರವಾಗಿ ಕೂತು ಸವೆತ ತಡೆಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದೆ. ಹಳೆ ಮೆದು ಸೀಟಿನ ಹೆಡ್ಡು ಬಿಚ್ಚಿದಾಗ ಹೊಗೆ ವಾಲ್ವಿಗೆ ಗಟ್ಟಿ ರಿಂಗು ಹಾಕಿಸುವುದು ಒಳ್ಳೆಯದು.

ಪೀಣ್ಯದಲ್ಲಿ ಹಾಕಿಸಿದ ಗೈಡು, ರಿಂಗು, ವಾಲ್ವು ಎರಡು ಬೇಸಗೆ ದಾಟಿವೆ. ಈಗ ಮಗಳೂ ಹ್ಯಾಂಡಲ್ ಹೊಡೆದು ಎಂಜಿನ್ ಹತ್ತಿಸುತ್ತಾಳೆ. ನಿಮ್ಮಲ್ಲಿ ಇನ್ನೂ ಸುಲಭದ ದಾರಿ ಇದ್ದರೆ ಬರೆಯಿರಿ, ಎಲ್ಲರಿಗೂ ಉಪಯೋಗವಾದೀತು.