ಅಂಗಾಲಲ್ಲಿ ಚುಚ್ಚುವುದು ಆಣಿಯೋ, ನರುಳ್ಳೆಯೋ?

ಅಂಗಾಲಲ್ಲಿ ಗಟ್ಟಿಯಾದದ್ದೇನೋ ಎದ್ದು, ನಡೆದಾಗ ಕಲ್ಲು ಮೆಟ್ಟಿದ ಹಾಗೆ ನೋಯತೊಡಗಿದರೆ ನಮ್ಮ ಮನೆಗಳಲ್ಲಿ ಅದಕ್ಕೆ ಒಂದೇ ಹೆಸರು: ಆಣಿ. ಇಲ್ಲಿ ಅಡಾಜಣ್‌ನಲ್ಲಿ ಪಕ್ಕದ ಮನೆಯ ಬೆಹನ್ ನೋಡಿದರೆ ‘ಕಪಾಸಿ’ ಎನ್ನುತ್ತಾರೆ, ಅದರರ್ಥವೂ ಆಣಿಯೇ. ಆದರೆ ಎಷ್ಟೋ ಸಲ ಅದು ಆಣಿಯಲ್ಲ, ನರುಳ್ಳೆ. ಹೆಸರಲ್ಲೇನಿದೆ ಎನ್ನಬೇಡಿ. ಆಣಿ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ, ನರುಳ್ಳೆ ಅಂಟುತ್ತದೆ.

ಆಣಿ ಬರುವುದು ಚಪ್ಪಲಿ, ಶೂಗಳ ಒತ್ತಡದಿಂದ. ನರುಳ್ಳೆಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಗರ್ಭಕೊರಳಿನ ಕ್ಯಾನ್ಸರ್ ಜೊತೆ ಕೇಳಿಬರುವ ಹೆಸರು ಇದೇ ಎಂದು ಗಾಬರಿಯಾಗಬೇಕಿಲ್ಲ. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಅಂಗಾಲಿಗೆ ಬರುವ ಬಗೆಗಳೇ ಬೇರೆ. ಸೊಸೈಟಿಯ ಈಜುಕೊಳದ ಅಂಚು, ಹಾಸ್ಟೆಲ್ ಬಚ್ಚಲು ಮುಂತಾದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವಾಗ ಚರ್ಮದ ಸಣ್ಣ ಬಿರುಕಿನಿಂದ ಅದು ಒಳಸೇರುತ್ತದೆ. ನರುಳ್ಳೆ ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಕೈಯಲ್ಲಾದರೆ ಉಬ್ಬಿ ನಿಲ್ಲುತ್ತದೆ; ಅಂಗಾಲಲ್ಲಿ ಮೈಭಾರಕ್ಕೆ ಒಳಕ್ಕೆ ಒತ್ತಿಕೊಳ್ಳುತ್ತದೆ. ನೋವಿನ ಗುಟ್ಟು ಅಷ್ಟೆ.

ಗುರುತು ಹಿಡಿಯಲು ಬೆಳಕಿನಲ್ಲಿ ನೋಡಿ. ಚರ್ಮದ ಗೆರೆಗಳು ಆಣಿಯ ಮೇಲೆ ಹಾದುಹೋಗುತ್ತವೆ, ನರುಳ್ಳೆಯಲ್ಲಿ ಕಡಿದುಹೋಗಿರುತ್ತವೆ. ನರುಳ್ಳೆಯೊಳಗೆ ಕರಿ ಚುಕ್ಕೆಗಳಿದ್ದರೆ ಅವು ‘ಬೇರು’ ಅಲ್ಲ, ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಮೇಲಿನಿಂದ ಒತ್ತಿದರೆ ಆಣಿ ನೋಯುತ್ತದೆ, ಎರಡು ಪಕ್ಕದಿಂದ ಚಿವುಟಿದರೆ ನರುಳ್ಳೆ.

ಬ್ಲೇಡಿನಿಂದ ಕೆತ್ತುವುದು, ಎಕ್ಕದ ಹಾಲು ಹಚ್ಚುವುದು ಎರಡೂ ಬೇಡ. ಕೆತ್ತಿದರೆ ವೈರಸ್ ಪಕ್ಕಕ್ಕೂ ಹರಡೀತು. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರಂತೂ ದೊಡ್ಡ ಅಪಾಯ. ಮೆಡಿಕಲ್‌ನಲ್ಲಿ ಸಿಗುವ ಸ್ಯಾಲಿಸಿಲಿಕ್ ಆಸಿಡ್ ಸಾಮಾನ್ಯ ಮದ್ದು. ಬಿಸಿನೀರಲ್ಲಿ ಕಾಲು ನೆನೆಸಿ, ಮೆತ್ತಗಾದ ಚರ್ಮವನ್ನು ಮೆಲ್ಲಗೆ ಉಜ್ಜಿ, ಸುತ್ತ ವ್ಯಾಸಲೀನ್ ಸವರಿ, ನರುಳ್ಳೆಗೆ ಮಾತ್ರ ಹಚ್ಚಬೇಕು. 12 ವಾರದವರೆಗೂ ಹಿಡಿಯಬಹುದು. ಉಜ್ಜುವ ಕಲ್ಲನ್ನು ಮನೆಯ ಬೇರೆಯವರು ಮುಟ್ಟಬಾರದು.

ಕ್ಲಿನಿಕ್‌ಗಳಲ್ಲಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ದುಬಾರಿಯಾದದ್ದೇ ಮೇಲು ಎಂದೇನಿಲ್ಲ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ 240 ಮಂದಿಯ ಮೇಲೆ ಎರಡನ್ನೂ ಹೋಲಿಸಿದರು. 12 ವಾರಕ್ಕೆ ಪೂರ್ತಿ ವಾಸಿಯಾದವರು ಎರಡು ಕಡೆಯೂ ನೂರಕ್ಕೆ 14 ಮಾತ್ರ! ಮಕ್ಕಳಲ್ಲಿ ಬಹಳಷ್ಟು ಸಲ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ನೋವಿಲ್ಲದಿದ್ದರೆ ಸುಮ್ಮನಿರುವುದೂ ಚಿಕಿತ್ಸೆಯೇ.

ಆದರೆ ಸಕ್ಕರೆ ಕಾಯಿಲೆಯಿರುವ ಅಪ್ಪ-ಅಮ್ಮ ಊರಿಂದ ಬಂದು ಜೊತೆಗಿದ್ದರೆ ಈ ಮನೆಮದ್ದು ಯಾವುದೂ ಬೇಡ. ಅವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಆಸಿಡ್ ಸುಟ್ಟದ್ದೂ ತಿಳಿಯುವುದಿಲ್ಲ; ಆ ಗಾಯ ಹುಣ್ಣಾಗಿ ಬೆರಳನ್ನೇ ಕಳೆಯುವವರೆಗೂ ಹೋಗಬಹುದು. ಕಾರ್ನ್ ಕ್ಯಾಪ್‌ನಲ್ಲೂ ಇರುವುದು ಅದೇ ಆಸಿಡ್. ನೇರ ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ.

ಅಂದಹಾಗೆ ಗುಜರಾತಿಯಲ್ಲಿ ನರುಳ್ಳೆಗೆ ‘ಮಸೋ’. ಬರೀ ‘ಮಸಾ’ ಎಂದರೆ ಮೂಲವ್ಯಾಧಿಯ ಮುಲಾಮು ಕೈಗೆ ಬಂದೀತು! ‘ಪಗ್‌ನಾ ತಳಿಯೇ ಮಸೋ’ ಎಂದು ಹೇಳಿ, ಕಾಲನ್ನೂ ತೋರಿಸಿ.