ಮೂಲಿಕೆಗಳ ಮೈತ್ರಿ

ನಮ್ಮ ವೈದ್ಯರು ಒಂದೇ ಮೂಲಿಕೆಯಿಂದ ತೃಪ್ತರಾಗುವುದು ವಿರಳ. ತ್ರಿಕಟುವಿನಲ್ಲಿ ಮೂರು ದ್ರವ್ಯಗಳು, ದಶಮೂಲದಲ್ಲಿ ಹತ್ತು. ಹೀಗೆ ಕೂಡಿಸುವುದರಿಂದ ರೋಗಾಣುಗಳು ಹೆಚ್ಚಾಗಿ ನಾಶವಾಗುವುವೆ, ಅಥವಾ ಇದು ಕೇವಲ ರೂಢಿಯೆ? ಒಂದು ನಿದರ್ಶನವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ.

ಮರದರಿಶಿನದಲ್ಲಿ ಬರ್ಬೆರೀನ್ ಎಂಬ ಹಳದಿಯ ಸತ್ವವೊಂದುಂಟು. ಬ್ಯಾಕ್ಟೀರಿಯಗಳನ್ನು ಅಡಗಿಸುವ ಗುಣ ಅದಕ್ಕಿದೆ. ಆದರೆ ಕುರು, ಕೀವುಹುಣ್ಣುಗಳಿಗೆ ಕಾರಣವಾದ ಸ್ಟಫಿಲೋಕಾಕಸ್ ಆರಿಯಸ್ ಎಂಬ ರೋಗಾಣು ಅಷ್ಟು ಸುಲಭವಾಗಿ ಸೋಲತಕ್ಕುದಲ್ಲ. ಅದರ ಪೊರೆಯಲ್ಲಿ ನಾರ್-ಎ ಎಂಬ ಪ್ರೋಟೀನು ಏತದಂತೆ ಕೆಲಸಮಾಡುತ್ತ, ಒಳಹೊಕ್ಕ ಬರ್ಬೆರೀನನ್ನು ಎತ್ತಿ ಹೊರಗೆ ಚೆಲ್ಲುತ್ತಿರುತ್ತದೆ.

ಸ್ಟರ್ಮಿಟ್ಸ್, ಲೂಯಿಸ್ ಮೊದಲಾದವರು ಅಮೆರಿಕದ ಬರ್ಬೆರಿಸ್ ಗಿಡಗಳಲ್ಲಿ ಬರ್ಬೆರೀನಿನೊಡನೆ ಮೆಥಾಕ್ಸಿಹಿಡ್ನೊಕಾರ್ಪಿನ್ ಎಂಬ ಮತ್ತೊಂದು ವಸ್ತುವನ್ನು ಕಂಡು 2000ದಲ್ಲಿ ಪ್ರಕಟಿಸಿದರು. ಕುಷ್ಠರೋಗಕ್ಕೆ ಹಿಂದೆ ಬಳಸುತ್ತಿದ್ದ ಚಾಲಮೂಗ್ರ ಎಣ್ಣೆಯಲ್ಲಿಯೂ ಇದು ದೊರೆತಿತ್ತು. ಒಂಟಿಯಾಗಿ ಇದು ರೋಗಾಣುವಿಗೆ ಏನನ್ನೂ ಮಾಡಲಾರದು. ಆದರೆ ಏತವನ್ನು ತಡೆದು ನಿಲ್ಲಿಸಬಲ್ಲುದು. ಆಗ ಬರ್ಬೆರೀನು ಒಳಗೇ ಶೇಖರವಾಗಿ ರೋಗಾಣುವಿನ ಬೆಳವಣಿಗೆ ಅಡಗುತ್ತದೆ. ಒಂದು ಕಾದಾಡುವ ಭಟ, ಇನ್ನೊಂದು ಬಾಗಿಲನ್ನು ಕಾಯುವ ಆಳು. 2006ರಲ್ಲಿ ಜಮ್ಮುವಿನ ಸಂಶೋಧಕರು ಮೆಣಸಿನ ಪೈಪರೀನು ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧಕ್ಕೆ ಇದೇ ಬಗೆಯ ನೆರವನ್ನೀಯುವುದೆಂದು ತೋರಿಸಿದರು.

ಹಾಗೆಂದು ಎಲ್ಲ ಬೆರಕೆಯೂ ಮೈತ್ರಿಯಲ್ಲ. ಎರಡು ಸತ್ವಗಳು ಬೇರೆಬೇರೆಯಾಗಿ ರೋಗಾಣುವನ್ನು ತಡೆಯಲು ಬೇಕಾಗುವ ಪ್ರಮಾಣವನ್ನು ಮೊದಲು ಗೊತ್ತುಮಾಡುವರು. ಆಮೇಲೆ ಎರಡನ್ನೂ ಕೂಡಿಸಿದಾಗ ತಲಾ ಎಷ್ಟು ಪಾಲು ಸಾಕಾಯಿತೆಂದು ನೋಡಿ ಆ ಪಾಲುಗಳನ್ನು ಸೇರಿಸುವರು. ಮೊತ್ತ 0.5ನ್ನು ಮೀರದಿದ್ದರೆ ಅದು ಮೈತ್ರಿ. 4ನ್ನು ಮೀರಿದರೆ ವೈರ. ಇವೆರಡರ ನಡುವೆ ಬರುವ ಬೆರಕೆಗಳಿಗೆ ಹೇಳತಕ್ಕ ವಿಶೇಷವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗಾಜಿನ ನಳಿಕೆಯಲ್ಲಿ ಕಂಡ ಜಯವು ದೇಹದಲ್ಲಿಯೂ ಸಿದ್ಧಿಸುವುದೆಂದು ನಂಬಲಾಗದು. ಕುಡಿದ ಬರ್ಬೆರೀನಿನಲ್ಲಿ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ಕಾಮಾಲೆಯಿರುವ ನವಜಾತ ಶಿಶುವಿಗಾದರೋ ಅದರಿಂದ ಮೆದುಳಿಗೇ ಅಪಾಯವುಂಟು. ಔಷಧದ ಬಲವನ್ನು ಹೆಚ್ಚಿಸುವ ವಸ್ತು ಅದರ ವಿಷವನ್ನೂ ಹೆಚ್ಚಿಸಬಹುದು. ಆದುದರಿಂದ ಜ್ವರವೇರಿದಾಗ ಮನೆಯ ಕಷಾಯಕ್ಕೆ ಇನ್ನೊಂದು ಬೇರನ್ನು ಸೇರಿಸಿ ಕಾಯುವುದಕ್ಕಿಂತ, ವೈದ್ಯರ ಬಳಿಗೆ ಹೋಗಿ ತಾವು ಕುಡಿದುದೆಲ್ಲವನ್ನೂ ಮರೆಮಾಚದೆ ಹೇಳುವುದು ಲೇಸು.