ಮೌನವೂ ಒಂದು ಪಾಠವೇ

“ಅವ್ವಾ, ನಾನು ಎಲ್ಲಿಂದ ಬಂದೆ?” ಎಂದು ಮಗು ಕೇಳಿದರೆ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ: “ನಿನ್ನನ್ನು ತವುಡು ಕೊಟ್ಟು ತಂದೆವು.” ಮನೆಮಂದಿಯೆಲ್ಲ ನಗುತ್ತಾರೆ, ಮಗುವೂ ನಗುತ್ತದೆ. ಆದರೆ ಆ ನಗೆಯ ನಡುವೆ ಅದು ಒಂದು ಪಾಠವನ್ನು ಕಲಿತುಬಿಡುತ್ತದೆ: ಈ ವಿಷಯವನ್ನು ಹೆತ್ತವರ ಬಳಿ ಕೇಳಬಾರದು. ಲೈಂಗಿಕತೆಯ ಬಗ್ಗೆ ಮಕ್ಕಳಿಗೆ ಏನನ್ನೂ ಕಲಿಸಿಲ್ಲವೆಂದು ಭಾವಿಸುವ ತಂದೆತಾಯಿಯರು ಈ ಮೊದಲ ಪಾಠವನ್ನು ಕಲಿಸಿಯೇ ಇರುತ್ತಾರೆ.

ಸಂತೆಮರಹಳ್ಳಿಯೂ ಸೇರಿರುವ ಹಳೆಯ ಮೈಸೂರು ಸೀಮೆಯ ಹಲವು ಹಳ್ಳಿಗಳಲ್ಲಿ ಹೆಣ್ಣುಮಗಳು ಮೈನೆರೆದಾಗ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುವ ಪದ್ಧತಿ ಬೆಳೆದುಬಂದಿದೆ. ಆರತಿ ಎತ್ತುತ್ತಾರೆ, ಚಿಗಳಿ ತಂಬಿಟ್ಟು ಹಂಚುತ್ತಾರೆ. ಹಾಗಿದ್ದರೂ ಎಷ್ಟೋ ಮನೆಗಳಲ್ಲಿ ಇಡೀ ಬೀದಿಗೆ ತಿಳಿದ ಸುದ್ದಿಯ ಅರ್ಥ ಆ ಮಗಳೊಬ್ಬಳಿಗೇ ತಿಳಿದಿರುವುದಿಲ್ಲ. ಅವಳಿಗೆ ದೊರೆಯುವುದು ‘ಅದನ್ನು ಮುಟ್ಟಬೇಡ, ಅಲ್ಲಿಗೆ ಹೋಗಬೇಡ’ ಎಂಬ ನಿಷೇಧಗಳು ಮಾತ್ರ. ಗಂಡುಮಗನ ಪಾಡಂತೂ ಇನ್ನೂ ಒಂಟಿ. ನಿದ್ರೆಯಲ್ಲಿ ಸ್ಖಲನವಾದರೆ ತನಗೇನೋ ರೋಗ ತಗುಲಿತೆಂದು ಹೆದರುವ ಹುಡುಗ ಹಿಂದೆ ಗೋಡೆಯ ಮೇಲಿನ ನಕಲಿ ವೈದ್ಯರ ಜಾಹೀರಾತನ್ನು ಓದುತ್ತಿದ್ದ; ಇಂದು ಮೊಬೈಲನ್ನು ಕೇಳುತ್ತಾನೆ. ಎರಡಕ್ಕೂ ಅವನ ಮೇಲೆ ಪ್ರೀತಿಯಿಲ್ಲ.

“ಇಂಥದ್ದನ್ನು ಮಾತನಾಡಿದರೆ ಮರ್ಯಾದೆ ಉಳಿಯುವುದೇ?” ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಒಂದು ವಿವೇಚನೆ ಅಗತ್ಯ. ಲಜ್ಜೆ ಬೇರೆ, ಅಂಜಿಕೆ ಬೇರೆ. ಅಮೂಲ್ಯವಾದುದನ್ನು ಗೌರವದಿಂದ ಕಾಪಾಡುವುದು ಲಜ್ಜೆ. ಹೊಲಸೆಂದು ಎಣಿಸಿ ಬಚ್ಚಿಡುವುದು ಅಂಜಿಕೆ. ದೇಹವು ದೇವರ ಸೃಷ್ಟಿಯೆಂದು ನಂಬುವ ನಮಗೆ ಎರಡನೆಯದು ಸಲ್ಲದು. ಜಪಸರ ಮಾಡುವಾಗ ನಾವು ಪ್ರತಿದಿನವೂ ಮಾತೆ ಮರಿಯಮ್ಮನವರ ಉದರವನ್ನು ನೆನೆಯುತ್ತೇವೆ. ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಆ ತಾಯಿಯೇ, ಕನ್ಯೆಯಾದ ತಾನು ಗರ್ಭಧರಿಸುವುದು ಹೇಗೆಂದು ದೇವದೂತನನ್ನು ನೇರವಾಗಿ ಕೇಳುತ್ತಾರೆ. ದೂತನು ಗದರಲಿಲ್ಲ, ಉತ್ತರಿಸಿದನು.

ಧರ್ಮಸಭೆಯ ಬೋಧನೆಯೂ ಮೌನದ ಪರವಾಗಿಲ್ಲ. ಮಕ್ಕಳು ಬೆಳೆದಂತೆ ಅವರಿಗೆ ವಿವೇಕಯುತವಾದ ಲೈಂಗಿಕ ಶಿಕ್ಷಣ ದೊರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಹೇಳಿತು. ಇದು ಮೊದಲಿಗೆ ತಂದೆತಾಯಿಯರ ಹಕ್ಕು ಮತ್ತು ಕರ್ತವ್ಯವೆಂದು 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಸ್ಪಷ್ಟಪಡಿಸಿದರು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಕುಟುಂಬವನ್ನು ಕುರಿತ ತಮ್ಮ ಪ್ರಬೋಧನೆಯಲ್ಲಿ ಇದನ್ನು ಮತ್ತೆ ಎತ್ತಿಹಿಡಿದು, ವಯಸ್ಸಿಗೆ ತಕ್ಕಂತೆ, ತಕ್ಕ ಸಮಯದಲ್ಲಿ ತಿಳಿಸಬೇಕೆಂದರು.

2007ರಲ್ಲಿ ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ತಡೆಹಿಡಿದವು. ಕರ್ನಾಟಕವೂ ಅವುಗಳಲ್ಲಿ ಒಂದು. ‘ಇದು ಶಾಲೆಯ ಕೆಲಸವಲ್ಲ’ ಎನ್ನುವುದು ಸುಲಭ. ಆದರೆ ಹಾಗೆನ್ನುವ ಮನೆ ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕಲ್ಲವೇ?

ಮೌನದ ಬೆಲೆಯನ್ನು ತೆರುವವರು ಮಕ್ಕಳು. ತನ್ನ ಅಂಗಗಳ ಹೆಸರನ್ನೇ ಉಚ್ಚರಿಸಬಾರದೆಂದು ಕಲಿತ ಮಗು, ಪರಿಚಿತರೊಬ್ಬರು ಅನುಚಿತವಾಗಿ ಮುಟ್ಟಿದಾಗ ಯಾವ ಮಾತಿನಲ್ಲಿ ದೂರು ಹೇಳೀತು? 2012ರ ಪೋಕ್ಸೊ ಕಾಯ್ದೆ 18 ವರ್ಷ ತುಂಬದ ಪ್ರತಿಯೊಬ್ಬರಿಗೂ ರಕ್ಷಣೆ ನೀಡುತ್ತದೆ. ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 1098 ಎಂಬ ಮಕ್ಕಳ ಸಹಾಯವಾಣಿಯೂ ಇದೆ. ಆದರೆ ಮಗು ಬಾಯಿ ತೆರೆದರೆ ತಾನೇ ಕಾನೂನು ಕಣ್ತೆರೆಯುವುದು?

ಹಾಗಾದರೆ ಆರಂಭ ಹೇಗೆ? ದೊಡ್ಡ ಉಪನ್ಯಾಸ ಬೇಡ. ಸ್ನಾನ ಮಾಡಿಸುವಾಗಲೇ ಅಂಗಗಳ ಹೆಸರನ್ನು ಹೇಳಿ. ಯಾರೂ ಮುಟ್ಟಬಾರದ ಭಾಗಗಳು ಯಾವುವು, ಮುಟ್ಟಿದರೆ ಯಾರಿಗೆ ಹೇಳಬೇಕೆಂಬುದನ್ನು ತಿಳಿಸಿ. ‘ಅವ್ವನ ಹೊಟ್ಟೆಯೊಳಗೆ ಗರ್ಭಕೋಶವೆಂಬ ಮನೆಯಿದೆ, ಅಲ್ಲಿ ಬೆಳೆದೆ’ ಎಂದರೆ ಐದು ವರ್ಷದ ಮಗುವಿಗೆ ಸಾಕು. ಹಟ್ಟಿಯಲ್ಲಿ ಹಸು ಕರು ಹಾಕುವುದನ್ನು ಕಂಡ ಹಳ್ಳಿಯ ಮಗುವಿಗೆ ಇದು ಕಷ್ಟವೇನಲ್ಲ. ಮುಟ್ಟಿನ ವಿಚಾರವನ್ನು ಮೈನೆರೆಯುವ ಮೊದಲೇ, ಒಂಬತ್ತು ಹತ್ತು ವಯಸ್ಸಿನಲ್ಲಿ ತಿಳಿಸಬೇಕು. ಗಂಡುಮಕ್ಕಳಿಗೂ ತಿಳಿಸಬೇಕು, ಆಗ ಅವರು ಸಹಪಾಠಿಯನ್ನು ಅಣಕಿಸಲಾರರು. ಮಗನ ದೇಹದ ಬದಲಾವಣೆ ಸಹಜವೆಂದು ತಂದೆಯೇ ಮಾತನಾಡಲಿ. ಹದಿನಾರರ ವಯಸ್ಸಿಗೆ ದೇಹವನ್ನು ಕುರಿತ ತಿಳಿವಳಿಕೆಯ ಜೊತೆಗೆ ಪ್ರೀತಿ, ಹೊಣೆಗಾರಿಕೆ, ಒಪ್ಪಿಗೆ, ವಿವಾಹದ ಪಾವಿತ್ರ್ಯ ಇವೆಲ್ಲವೂ ಸೇರಬೇಕು. ಉತ್ತರ ಗೊತ್ತಿಲ್ಲದಿದ್ದರೆ ‘ತಿಳಿದುಕೊಂಡು ನಾಳೆ ಹೇಳುತ್ತೇನೆ’ ಎನ್ನಿ. ಆದರೆ ನಾಳೆ ತಪ್ಪದೆ ಹೇಳಿ.

ಪ್ರಿಯ ತಂದೆತಾಯಿಯರೇ, ಮಕ್ಕಳು ತಪ್ಪು ಮಾಡಬಾರದೆಂದು ನಾವೆಲ್ಲರೂ ಪ್ರಾರ್ಥಿಸುತ್ತೇವೆ. ಅದರೊಂದಿಗೆ ಇನ್ನೊಂದು ಪ್ರಾರ್ಥನೆಯೂ ಇರಲಿ: ಅವರಿಗೆ ಭಯವಾದಾಗ, ಎಡವಿದಾಗ, ನೋವಾದಾಗ ಮೊದಲು ನೆನಪಿಗೆ ಬರುವ ಬಾಗಿಲು ನಮ್ಮ ಮನೆಯದೇ ಆಗಿರಲಿ. ಆ ಬಾಗಿಲನ್ನು ತೆರೆದಿಡುವ ಕೆಲಸ ಮಗುವಿನ ಮೊದಲ ಪ್ರಶ್ನೆಯ ದಿನವೇ ಆರಂಭವಾಗುತ್ತದೆ.